ಲಾಹೋರಿನಲ್ಲಿ ಒಬ್ಬ ಅತಿಥಿ ಆಡಿದ ಮಾತು

ನೆರೆಯವರ ಹಕ್ಕಿನ ಬಗ್ಗೆ ಜುಮಾ ಖುತ್ಬಾದಲ್ಲಿ ಹೇಳುವಾಗ ನಾವು ಸಾಮಾನ್ಯವಾಗಿ ಬೇಲಿಯಾಚೆಗಿನ ಮನೆಯ ಬಗ್ಗೆಯೇ ಹೇಳುತ್ತೇವೆ. ಹಸಿದ ನೆರೆಯವನು, ನಮ್ಮ ಕೈಯಿಂದ, ನಾಲಗೆಯಿಂದ ತೊಂದರೆಗೊಳಗಾದ ನೆರೆಯವನು. ದೇಶಗಳಿಗೂ ನೆರೆಹೊರೆ ಇದೆ ಎಂಬುದು ನೆನಪಾಗುವುದು ಕಡಿಮೆ. ಜಗಳವಾದರೆ ಮನುಷ್ಯನಾದವನು ಮನೆ ಮಾರಿ ಬೇರೆ ಊರಿಗೆ ಹೋಗಬಹುದು. ದೇಶಕ್ಕೆ ಆ ಅನುಕೂಲವಿಲ್ಲ. 1999ರಲ್ಲಿ ನಮ್ಮ ಪ್ರಧಾನಿಯೊಬ್ಬರು ನೆರೆದೇಶಕ್ಕೆ ಹೋಗಿ ಆಡಿದ ಮಾತಿನ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮದ್ರಸಾದಲ್ಲಿ ಇಂದು ಓದುತ್ತಿರುವ ಮಕ್ಕಳು ಆಗ ಹುಟ್ಟಿರಲಿಲ್ಲ. ಅವರಿಗೆ ಕಾರ್ಗಿಲ್ ಯುದ್ಧ ಗೊತ್ತು, ಅದಕ್ಕಿಂತ ಮೂರು ತಿಂಗಳ ಹಿಂದಿನ ಬಸ್ಸು ಗೊತ್ತಿಲ್ಲ.

1998ರ ಮೇ ತಿಂಗಳು ನೆನಪಿರುವವರಿಗೆ ಆ ಕಾಲದ ಭಯವೂ ನೆನಪಿರಬಹುದು. ಮೇ 11 ಮತ್ತು 13ರಂದು ಭಾರತ ಪೋಖ್ರಾನ್‌ನಲ್ಲಿ ಅಣುಬಾಂಬ್ ಪರೀಕ್ಷಿಸಿತು. 28 ಮತ್ತು 30ರಂದು ಪಾಕಿಸ್ತಾನ ಬಲೂಚಿಸ್ತಾನದಲ್ಲಿ ಉತ್ತರ ಕೊಟ್ಟಿತು. ಅಲ್ಲಿಯತನಕ ಮೂರು ಯುದ್ಧ ಮಾಡಿದ್ದ ಎರಡು ದೇಶಗಳ ಕೈಯಲ್ಲೂ ಈಗ ಇಡೀ ನಗರಗಳನ್ನೇ ಸುಡುವ ಆಯುಧ. ಅಂಥ ಸಮಯದಲ್ಲಿ ದೆಹಲಿ–ಲಾಹೋರ್ ನಡುವೆ ಬಸ್ ಓಡಿಸುವ ಮಾತು ಬಂತು. ಅದರ ಮೊದಲ ಪ್ರಯಾಣದಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಸ್ವತಃ ಹೋಗುವುದೆಂದು ತೀರ್ಮಾನವಾಯಿತು.

ಫೆಬ್ರವರಿ 20, ಶನಿವಾರ. ಅಮೃತಸರದಿಂದ ಬಸ್ ಹತ್ತಿದ ವಾಜಪೇಯಿ ವಾಘಾ ಗಡಿ ದಾಟಿದರು. ಜೊತೆಯಲ್ಲಿ ನಟ ದೇವ್ ಆನಂದ್, ಕವಿ ಜಾವೇದ್ ಅಖ್ತರ್, ಪತ್ರಕರ್ತ ಕುಲದೀಪ್ ನಯ್ಯರ್, ಕ್ರಿಕೆಟಿಗ ಕಪಿಲ್ ದೇವ್ ಮೊದಲಾದವರಿದ್ದರು. ದೇವ್ ಆನಂದ್ ಓದಿದ್ದೇ ಲಾಹೋರಿನಲ್ಲಿ. ನಯ್ಯರ್ ಹುಟ್ಟಿದ್ದು ಸಿಯಾಲ್‌ಕೋಟಿನಲ್ಲಿ. ಕೆಲವರಿಗೆ ಅದು ವಿದೇಶ ಪ್ರವಾಸವೂ ಹೌದು, ಊರಿಗೆ ಮರಳಿದಂತೆಯೂ ಹೌದು. ಗಡಿಯಲ್ಲಿ ಪಾಕ್ ಪ್ರಧಾನಿ ನವಾಝ್ ಶರೀಫ್ ಕಾದಿದ್ದು ಅಪ್ಪಿಕೊಂಡು ಸ್ವಾಗತಿಸಿದರು. ಆ ಚಿತ್ರ ಮರುದಿನ ಎಲ್ಲ ಪತ್ರಿಕೆಗಳಲ್ಲೂ ಬಂತು.

ಅಪ್ಪುಗೆ, ಹೂಮಾಲೆ, ಔತಣ ಎಲ್ಲ ನಾಯಕರ ಭೇಟಿಯಲ್ಲೂ ಇರುತ್ತವೆ. ಈ ಭೇಟಿಯ ತೂಕ ಬೇರೆ ಕಡೆ ಇದೆ. ಮರುದಿನ ವಾಜಪೇಯಿ ಮಿನಾರೆ ಪಾಕಿಸ್ತಾನಕ್ಕೆ ಹೋದರು. 1940ರ ಮಾರ್ಚ್‌ನಲ್ಲಿ ಮುಸ್ಲಿಂ ಲೀಗ್ ತನ್ನ ಲಾಹೋರ್ ನಿರ್ಣಯ ಅಂಗೀಕರಿಸಿದ ಮೈದಾನದಲ್ಲಿ ನಿಂತಿರುವ ಗೋಪುರವದು. ಆ ನಿರ್ಣಯವೇ ಮುಂದೆ ದೇಶ ವಿಭಜನೆಯ ದಾರಿಯಾಯಿತು. ಭಾರತದ ಯಾವ ಪ್ರಧಾನಿಯೂ ಅದಕ್ಕೆ ಮೊದಲು ಆ ಮಿನಾರಿನ ಬಳಿ ನಿಂತಿರಲಿಲ್ಲ. ಹೋದವರು ಯಾರೆಂಬುದನ್ನೂ ಗಮನಿಸಬೇಕು. ಜನಸಂಘದಲ್ಲಿ ಬೆಳೆದು, ವಿಭಜನೆಯನ್ನು ಒಪ್ಪದ, ಅಖಂಡ ಭಾರತದ ಮಾತಾಡುತ್ತಿದ್ದ ರಾಜಕೀಯದಿಂದ ಬಂದ ವ್ಯಕ್ತಿ. ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ಅವರು ಬರೆದುದರ ಸಾರ ಇಷ್ಟು: ಸ್ಥಿರವಾದ, ಸುರಕ್ಷಿತವಾದ, ಸಮೃದ್ಧವಾದ ಪಾಕಿಸ್ತಾನ ಭಾರತಕ್ಕೂ ಒಳ್ಳೆಯದು.

ಪಾಕಿಸ್ತಾನದ ಜನರ ಮನಸ್ಸಿನಲ್ಲಿ 1947ರಿಂದಲೂ ಒಂದು ಹೆದರಿಕೆಯಿತ್ತು. ಭಾರತ ತಮ್ಮ ದೇಶವನ್ನು ಮನಸಾರೆ ಒಪ್ಪಿಯೇ ಇಲ್ಲ, ಅವಕಾಶ ಸಿಕ್ಕರೆ ಮತ್ತೆ ನುಂಗಿಬಿಡುತ್ತದೆ ಎಂಬ ಹೆದರಿಕೆ. 1971ರಲ್ಲಿ ಬಾಂಗ್ಲಾದೇಶ ಬೇರೆಯಾದ ಮೇಲೆ ಅದು ಗಟ್ಟಿಯಾಯಿತು. ಅಲ್ಲಿನ ಸೇನೆ ತನ್ನ ಬಜೆಟನ್ನೂ ಅಧಿಕಾರವನ್ನೂ ಬೆಳೆಸಿಕೊಂಡಿದ್ದು ಬಹುಮಟ್ಟಿಗೆ ಈ ಹೆದರಿಕೆಯನ್ನು ತೋರಿಸಿಯೇ. ವಾಜಪೇಯಿ ನೇರವಾಗಿ ಅದಕ್ಕೇ ಕೈಹಾಕಿದರು. ಅಂದು ಗವರ್ನರ್ ಹೌಸ್‌ನಲ್ಲಿ ನಡೆದ ಪೌರ ಸನ್ಮಾನದ ಭಾಷಣದಲ್ಲಿ ಅದನ್ನು ಬಿಚ್ಚಿ ಹೇಳಿದರು. ಮಿನಾರಿಗೆ ಹೋಗಬೇಡಿ, ಹೋದರೆ ಪಾಕಿಸ್ತಾನಕ್ಕೆ ನೀವೇ ಮೊಹರು ಒತ್ತಿದಂತಾಗುತ್ತದೆ ಎಂದು ಕೆಲವರು ತಡೆದರಂತೆ. ಪಾಕಿಸ್ತಾನ ನಡೆಯುವುದು ನನ್ನ ಮೊಹರಿನಿಂದಲ್ಲ, ಅದಕ್ಕೆ ತನ್ನದೇ ಅಸ್ತಿತ್ವವಿದೆ ಎಂದು ಉತ್ತರಿಸಿದ್ದನ್ನು ಅವರು ಸಭೆಗೆ ತಿಳಿಸಿದರು. ಉರ್ದು ಬಲ್ಲವರಿಗೆ ಹಿಂದಿ ಎನಿಸದ, ಹಿಂದಿ ಬಲ್ಲವರಿಗೆ ಉರ್ದು ಎನಿಸದ ಮಾತು ಅವರದು. ಯುದ್ಧವನ್ನು ಆಗಗೊಡುವುದಿಲ್ಲ ಎಂಬ ತಮ್ಮ ಕವಿತೆಯನ್ನೂ ಓದಿದರು. ವಾಜಪೇಯಿ ಸಾಹೇಬರು ಈಗ ಪಾಕಿಸ್ತಾನದಲ್ಲೂ ಚುನಾವಣೆ ಗೆಲ್ಲಬಹುದು ಎಂದು ನವಾಝ್ ಶರೀಫ್ ತಮಾಷೆ ಮಾಡಿದ್ದು ಪ್ರಸಿದ್ಧ.

ಅವರ ಪಕ್ಷದ ರಾಜಕೀಯದಿಂದ ನಮ್ಮ ಸಮುದಾಯಕ್ಕೆ ಆದ ನೋವುಗಳ ಲೆಕ್ಕ ಬೇರೆ ಇದೆ. ಅದನ್ನು ಅಳಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬರ ಬಗ್ಗೆ ಬೇಸರವಿದ್ದರೂ ನ್ಯಾಯವಾದುದನ್ನು ನ್ಯಾಯವೆಂದೇ ಹೇಳಬೇಕೆಂಬುದು ನಾವು ಕಲಿತ ಪಾಠ. ಸ್ವಂತ ಬೆಂಬಲಿಗರಿಗೆ ಕಹಿಯಾಗುವ ಮಾತನ್ನು ಅತಿಥಿಯಾಗಿ ಹೋದ ಮನೆಯಲ್ಲಿ ಆಡುವುದು ಸುಲಭವಲ್ಲ. ಆತಿಥೇಯರಿಗೆ ಇಷ್ಟವಾಗುವ ಸಿಹಿಮಾತು ಯಾರಾದರೂ ಆಡಿಯಾರು.

ಅದೇ ದಿನ ಲಾಹೋರ್ ಘೋಷಣೆಗೆ ಇಬ್ಬರೂ ಸಹಿ ಹಾಕಿದರು. ಜಮ್ಮು ಮತ್ತು ಕಾಶ್ಮೀರ ಸೇರಿದಂತೆ ಎಲ್ಲ ವಿವಾದಗಳನ್ನು ಬಗೆಹರಿಸುವ ಪ್ರಯತ್ನ ಹೆಚ್ಚಿಸುವುದು, ಒಬ್ಬರ ಒಳವಿಷಯದಲ್ಲಿ ಮತ್ತೊಬ್ಬರು ಕೈಹಾಕದಿರುವುದು, ಅಣ್ವಸ್ತ್ರ ಆಕಸ್ಮಿಕವಾಗಿ ಬಳಕೆಯಾಗದಂತೆ ಎಚ್ಚರ ವಹಿಸುವುದು ಅದರಲ್ಲಿದ್ದವು. ಕ್ಷಿಪಣಿ ಪರೀಕ್ಷೆಗೆ ಮುಂಚೆ ಪರಸ್ಪರ ತಿಳಿಸುವ ವಿಷಯಕ್ಕೂ ವಿದೇಶಾಂಗ ಕಾರ್ಯದರ್ಶಿಗಳು ಒಪ್ಪಿದರು.

ಆದರೆ ಆ ಮೇಜಿನ ಸುತ್ತ ಕೂರಬೇಕಾಗಿದ್ದ ಕೆಲವರು ಮನಸ್ಸಿನಿಂದ ಅಲ್ಲಿರಲಿಲ್ಲ. ಪಾಕಿಸ್ತಾನದ ಮೂರೂ ಸೇನಾಪಡೆಗಳ ಮುಖ್ಯಸ್ಥರು ವಾಘಾದ ಸ್ವಾಗತಕ್ಕೆ ಬರಲಿಲ್ಲ. ಭೂಸೇನೆಯ ಮುಖ್ಯಸ್ಥರು ಜನರಲ್ ಪರ್ವೇಝ್ ಮುಶರ್ರಫ್. ಲಾಹೋರಿನ ಬೀದಿಗಳಲ್ಲಿ ಅಲ್ಲಿನ ಜಮಾಅತೆ ಇಸ್ಲಾಮಿ (ನಮ್ಮ ದೇಶದ ಸಂಘಟನೆಯಲ್ಲ) ಪ್ರತಿಭಟಿಸಿತು. ಕೋಟೆಯ ಔತಣಕ್ಕೆ ಹೊರಟಿದ್ದ ರಾಜತಾಂತ್ರಿಕರ ಕಾರುಗಳ ಮೇಲೆ ಕಲ್ಲು ಬಿದ್ದವು. ಮನೆಗೆ ಬಂದ ಅತಿಥಿಯ ದಾರಿಗೆ ಕಲ್ಲೆಸೆಯುವುದಕ್ಕೆ ದೀನಿನ ಹೆಸರು ಹೇಗೆ ಸಿಕ್ಕಿತೋ ನನಗೆ ಅರ್ಥವಾಗಿಲ್ಲ.

ಮೇ ತಿಂಗಳ ಆರಂಭದಲ್ಲಿ ಕಾರ್ಗಿಲ್‌ನ ಬೆಟ್ಟಗಳಲ್ಲಿ ಗಡಿ ನಿಯಂತ್ರಣ ರೇಖೆ ದಾಟಿ ಬಂದವರು ಕಾಣಿಸಿಕೊಂಡರು. ಮುಜಾಹಿದ್‌ಗಳೆಂದು ಪಾಕಿಸ್ತಾನ ಹೇಳಿಕೊಂಡರೂ ಅವರಲ್ಲಿ ಬಹುಪಾಲು ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಸೈನಿಕರೇ. ಲಾಹೋರಿನಲ್ಲಿ ಕೈಕುಲುಕುತ್ತಿದ್ದ ಚಳಿಗಾಲದಲ್ಲೇ ಈ ಸಿದ್ಧತೆ ನಡೆದಿತ್ತು. ಇದನ್ನು ಮೆತ್ತಗೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಅದು ಮಾತು ಮುರಿದದ್ದು. ಕರಾರು ಮುರಿಯುವವನು ಕಲಿಮಾ ಹೇಳುವವನಾಗಿದ್ದರೆ ತಪ್ಪು ಹಗುರವಾಗುವುದಿಲ್ಲ, ಹೆಚ್ಚಾಗುತ್ತದೆ. ಹುದೈಬಿಯಾದ ಒಪ್ಪಂದದ ವೇಳೆ ಸಂಕೋಲೆಯಲ್ಲಿ ತಪ್ಪಿಸಿಕೊಂಡು ಬಂದ ಅಬೂ ಜಂದಲ್‌ರನ್ನು (ರ) ಪ್ರವಾದಿವರ್ಯರು (ಸ) ಸಂಕಟದಿಂದಲೇ ಹಿಂದಕ್ಕೆ ಕಳುಹಿಸಿದರು, ಕರಾರು ಆಗಿಹೋಗಿತ್ತು ಎಂಬ ಕಾರಣಕ್ಕೆ. ಆ ಘಟನೆಯನ್ನು ಮಿಂಬರ್ ಮೇಲೆ ಹೇಳುವ ನಾವು ಇದನ್ನು ಮುಚ್ಚಿಡಲಾಗದು.

ಜುಲೈ 26ಕ್ಕೆ ಯುದ್ಧ ಮುಗಿಯಿತು. ಅಧಿಕೃತ ಲೆಕ್ಕದ ಪ್ರಕಾರ ಭಾರತದ 527 ಸೈನಿಕರು ಪ್ರಾಣ ಕೊಟ್ಟರು. ತುರ್ತುಕ್ ಭಾಗದಲ್ಲಿ ಬಿದ್ದ ರಾಜಪುತಾನಾ ರೈಫಲ್ಸ್‌ನ ಕ್ಯಾಪ್ಟನ್ ಹನೀಫುದ್ದೀನ್ ಅವರಲ್ಲೊಬ್ಬರು, ಮರಣೋತ್ತರ ವೀರಚಕ್ರ ಪಡೆದವರು. ಇನ್ನೊಂದು ಸಂಗತಿಯನ್ನು ಮಕ್ಕಳಿಗೆ ಹೇಳಬೇಕು. ತನ್ನ ಸೈನಿಕರೇ ಬಂದಿದ್ದರೆಂದು ಒಪ್ಪಲು ಸಿದ್ಧವಿಲ್ಲದ ಪಾಕಿಸ್ತಾನ ಅನೇಕ ಮಯ್ಯಿತ್‌ಗಳನ್ನು ಸ್ವೀಕರಿಸಲಿಲ್ಲ. ಆಗ ಅವರನ್ನು ಆ ಬೆಟ್ಟಗಳಲ್ಲಿ ಇಸ್ಲಾಮೀ ವಿಧಿಯಂತೆ ದಫನ ಮಾಡಿಸಿದ್ದು ಭಾರತೀಯ ಸೇನೆ.

ಯುದ್ಧ ನಡೆಯುತ್ತಿದ್ದಾಗಲೂ ದೆಹಲಿ–ಲಾಹೋರ್ ಬಸ್ ನಿಲ್ಲಲಿಲ್ಲ. ಅದು ನಿಂತಿದ್ದು 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾದ ಬಳಿಕ. ಅಷ್ಟರಲ್ಲಿ ಶರೀಫರನ್ನು ಇಳಿಸಿ ಮುಶರ್ರಫ್ ಅಧಿಕಾರ ಹಿಡಿದಿದ್ದರು. ಆಗ್ರಾಕ್ಕೆ ಬಂದು ಬರಿಗೈಯಲ್ಲಿ ಮರಳಿಯೂ ಆಗಿತ್ತು. ಎರಡೂ ಸೇನೆಗಳು ಹಲವು ತಿಂಗಳು ಗಡಿಯಲ್ಲಿ ಎದುರುಬದುರು ನಿಂತವು.

ಕಾರ್ಗಿಲ್ ನೋಡಿದ ಮನುಷ್ಯ ಮತ್ತೆ ಆ ಕಡೆ ತಿರುಗಲಾರ ಎಂದೇ ಅನೇಕರು ತಿಳಿದಿದ್ದರು. ಆದರೆ 2003ರ ಏಪ್ರಿಲ್ 18ರಂದು ಶ್ರೀನಗರದ ಸಾರ್ವಜನಿಕ ಸಭೆಯಲ್ಲಿ ವಾಜಪೇಯಿ ಮತ್ತೊಮ್ಮೆ ಸ್ನೇಹದ ಕೈ ಚಾಚಿದರು. ಜುಲೈ 11ರಂದು ಬಸ್ ಮತ್ತೆ ಹೊರಟಿತು. ಅದರಲ್ಲಿ ಲಾಹೋರಿನ ಎರಡೂವರೆ ವರ್ಷದ ಹೆಣ್ಣುಮಗುವೊಂದು ತಂದೆತಾಯಿಯ ಜೊತೆ ಬಂತು. ಹೃದಯದಲ್ಲಿ ರಂಧ್ರವಿದ್ದ ಮಗು. ಅದು ಹೊರಟಿದ್ದು ನಮ್ಮ ಬೆಂಗಳೂರಿಗೆ, ನಾರಾಯಣ ಹೃದಯಾಲಯಕ್ಕೆ. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಆ ದಿನಗಳಲ್ಲಿ ಮಂದಿರ, ಮಸೀದಿ, ಚರ್ಚುಗಳಲ್ಲಿ ಆ ಮಗುವಿಗಾಗಿ ಪ್ರಾರ್ಥನೆ ನಡೆಯಿತು. ಆಸ್ಪತ್ರೆಗೆ ಹೂವು, ಆಟಿಕೆ, ಪತ್ರಗಳು ಬಂದವು. ಕೊಟ್ಟವರು ಯಾರೂ ಆ ಮಗುವಿನ ಪಾಸ್‌ಪೋರ್ಟ್ ನೋಡಲಿಲ್ಲ.

ಅದೇ ನವೆಂಬರ್‌ನಲ್ಲಿ ನಿಯಂತ್ರಣ ರೇಖೆಯಲ್ಲಿ ಕದನವಿರಾಮ ಜಾರಿಯಾಯಿತು. ಗಡಿಯ ಹಳ್ಳಿಗಳ ಜನ ಗುಂಡಿನ ಸದ್ದಿಲ್ಲದೆ ಹೊಲಕ್ಕೆ ಹೋಗತೊಡಗಿದರು. 2004ರ ಜನವರಿಯಲ್ಲಿ ಸಾರ್ಕ್ ಸಭೆಗೆಂದು ವಾಜಪೇಯಿ ಇಸ್ಲಾಮಾಬಾದಿಗೆ ಹೋಗಿ, ಕಾರ್ಗಿಲ್ ನಡೆಸಿದ ಅದೇ ಮುಶರ್ರಫ್ ಜೊತೆ ಕೂತರು. ತನ್ನ ಹಿಡಿತದ ನೆಲವನ್ನು ಭಯೋತ್ಪಾದನೆಗೆ ಬಳಸಲು ಬಿಡುವುದಿಲ್ಲ ಎಂದು ಮುಶರ್ರಫ್ ಅಲ್ಲಿ ಜಂಟಿ ಹೇಳಿಕೆಯಲ್ಲೇ ಭರವಸೆ ಕೊಟ್ಟರು. ಆ ವರ್ಷವೇ ಚುನಾವಣೆ ಸೋತ ವಾಜಪೇಯಿ ಅಧಿಕಾರ ಬಿಟ್ಟರೂ ಮಾತುಕತೆ ಮುಂದಿನ ಸರ್ಕಾರದ ಕಾಲದಲ್ಲೂ ಮುಂದುವರಿಯಿತು. 2005ರ ಏಪ್ರಿಲ್ 7ರಂದು ಶ್ರೀನಗರದಿಂದ ಮುಝಫ್ಫರಾಬಾದಿಗೂ ಬಸ್ ಹೊರಟಿತು.

ಆಮೇಲಿನದು ನಿಮಗೆ ಗೊತ್ತಿರುವುದೇ. 2008ರ ಮುಂಬೈ ದಾಳಿ ಆ ಭರವಸೆಯನ್ನು ಕೊಂದಿತು. 2019ರ ಆಗಸ್ಟ್‌ನಲ್ಲಿ ಲಾಹೋರ್ ಬಸ್ಸೂ ಸಂಝೋತಾ ರೈಲೂ ನಿಂತವು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿ ಅಮಾಯಕರನ್ನು ಕೊಂದ ಬಳಿಕ ಅಟ್ಟಾರಿಯ ಗೇಟೂ ಮುಚ್ಚಿತು. ನಮ್ಮ ಭಟ್ಕಳದ ಕಡೆ ಕರಾಚಿಗೆ ಹೆಣ್ಣು ಕೊಟ್ಟ, ಅಲ್ಲಿಂದ ಹೆಣ್ಣು ತಂದ ಮನೆಗಳಿವೆ. ವಿಭಜನೆಗಿಂತ ಹಳೆಯ ನಂಟಿನವರು ಅವರು, ರಾಜಕೀಯದವರಲ್ಲ. ಅಲ್ಲಿ ತಾಯಿ ತೀರಿದರೆ ಇಲ್ಲಿಂದ ಮಗಳು ಹೋಗುವ ದಾರಿಯಿಲ್ಲ, ಜನಾಝಾದ ಸುದ್ದಿ ಫೋನಿನಲ್ಲಿ ಬರುತ್ತದೆ.

ಇಷ್ಟರ ನಡುವೆಯೂ ಒಂದು ಹಳೆಯ ಕರಾರು ಮುರಿದಿಲ್ಲ. 1988ರ ಡಿಸೆಂಬರ್ 31ರಂದು ರಾಜೀವ್ ಗಾಂಧಿ ಇಸ್ಲಾಮಾಬಾದಿಗೆ ಹೋಗಿದ್ದಾಗ, ಒಬ್ಬರ ಅಣುಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದೆಂದು ಬೇನಝೀರ್ ಭುಟ್ಟೋ ಸರ್ಕಾರದ ಜೊತೆ ಒಪ್ಪಂದವಾಯಿತು. ಅದರಂತೆ 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಟ್ಟುಕೊಳ್ಳುತ್ತವೆ. ಕಾರ್ಗಿಲ್ ಆದ ಮರುವರ್ಷವೂ ಕೊಟ್ಟವು, ಮುಂಬೈ ದಾಳಿಯ ಮರುವರ್ಷವೂ ಕೊಟ್ಟವು.