ಅಂಗಾಂಗ ಕಸಿ ನಂತರ ಕಾಡಬಹುದಾದ ಪಿಟಿಎಲ್‌ಡಿ: ಏನಿದು? ಯಾರಿಗೆ ಅಪಾಯ?

ಝೀರೋ ಟ್ರಾಫಿಕ್‌ನಲ್ಲಿ ಹೃದಯ ಸಾಗಿಸಿದ ಆಂಬುಲೆನ್ಸ್ ಆಸ್ಪತ್ರೆ ತಲುಪಿತು ಅಂದ್ರೆ ಟಿವಿಯಲ್ಲಿ ಸುದ್ದಿ ಮುಗೀತು. ರೋಗಿಗೆ ಮಾತ್ರ ಅಲ್ಲಿಂದ ಜೀವನಪೂರ್ತಿ ಮಾತ್ರೆ, ರಕ್ತಪರೀಕ್ಷೆ ಶುರು. ಆ ಹಾದಿಯ ಅಪಾಯಗಳಲ್ಲಿ ಒಂದು ಪಿಟಿಎಲ್‌ಡಿ. ಕಸಿಯ ನಂತರ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಅಂಕೆ ಮೀರಿ ಬೆಳೆಯುವ ಕಾಯಿಲೆಗಳ ಗುಂಪು ಇದು. ಕೆಲವು ಸೌಮ್ಯ, ಕೆಲವು ಲಿಂಫೋಮಾ ಎಂಬ ಕ್ಯಾನ್ಸರ್.

ಯಾಕೆ ಬರುತ್ತೆ?

ಹೊಸ ಅಂಗವನ್ನು ದೇಹ ಪರಕೀಯ ಎಂದು ಭಾವಿಸಿ ದಾಳಿ ಮಾಡುತ್ತದೆ. ಅದನ್ನು ತಡೆಯಲು ಟ್ಯಾಕ್ರೋಲಿಮಸ್‌ನಂಥ ಔಷಧಿಗಳನ್ನು ಕೊಟ್ಟು ಟಿ-ಕಣಗಳನ್ನು ಹತ್ತಿಕ್ಕುತ್ತಾರೆ. ಸಮಸ್ಯೆ ಇರುವುದು ಇಲ್ಲೇ. 1964ರಲ್ಲಿ ಪತ್ತೆಯಾದ ಎಪ್‌ಸ್ಟೀನ್-ಬಾರ್ ವೈರಸ್ (ಇಬಿವಿ) ಜಗತ್ತಿನ ಶೇ. 90ಕ್ಕೂ ಹೆಚ್ಚು ವಯಸ್ಕರ ದೇಹದಲ್ಲಿದೆ. ಒಮ್ಮೆ ಬಂದರೆ ಬಿ-ಕಣಗಳಲ್ಲಿ ಸದ್ದಿಲ್ಲದೆ ಉಳಿದುಬಿಡುತ್ತೆ. ಅದನ್ನು ಕಾಯುವವು ಟಿ-ಕಣಗಳೇ. ಕಾವಲುಗಾರನ ಕೈ ಕಟ್ಟಿದರೆ ವೈರಸ್ ಹೊತ್ತ ಬಿ-ಕಣಗಳು ಲಂಗುಲಗಾಮಿಲ್ಲದೆ ಹೆಚ್ಚಬಹುದು. ಹಾಗಂತ ಎಲ್ಲಾ ಪ್ರಕರಣಗಳಿಗೂ ಇಬಿವಿ ಕಾರಣವಲ್ಲ. ವರ್ಷಗಳ ನಂತರ ಬರುವವುಗಳಲ್ಲಿ ಅನೇಕದರಲ್ಲಿ ಈ ವೈರಸ್ ಇರುವುದಿಲ್ಲ.

ಯಾರಿಗೆ ಹೆಚ್ಚು ಅಪಾಯ?

ಇಬಿವಿ ಸೋಂಕೇ ಆಗಿರದವರಿಗೆ ಸೋಂಕಿರುವ ದಾನಿಯ ಅಂಗ ಬಂದಾಗ. ಹಾಗಾಗಿ ಚಿಕ್ಕ ಮಕ್ಕಳಿಗೆ ಅಪಾಯ ಜಾಸ್ತಿ. ಮೊದಲ ವರ್ಷ ಹೆಚ್ಚು ಎಚ್ಚರ ಬೇಕು. ವಯಸ್ಕರ ಕಿಡ್ನಿ ಕಸಿಯಲ್ಲಿ ಇದು ಸುಮಾರು ಶೇ. 1ರಿಂದ 2. ಹೃದಯ, ಶ್ವಾಸಕೋಶ ಕಸಿಯಲ್ಲಿ ಅದಕ್ಕಿಂತ ಹೆಚ್ಚು. ಕರುಳಿನ ಕಸಿಯಲ್ಲಿ ಶೇ. 20ರವರೆಗೂ ಹೋಗಬಹುದು.

ಗುರುತಿಸೋದು ಹೇಗೆ?

ಬಿಡದ ಜ್ವರ, ಊದಿದ ಗ್ರಂಥಿ, ತೂಕ ಇಳಿಕೆ, ರಾತ್ರಿ ಬೆವರು, ಹೊಟ್ಟೆನೋವು. ಇವು ಟಿಬಿಯ ಲಕ್ಷಣಗಳನ್ನೂ ಹೋಲುವುದರಿಂದ ನಮ್ಮಂಥ ದೇಶದಲ್ಲಿ ಗೊಂದಲ ಸಹಜ. ಖಚಿತವಾಗಲು ಬಯಾಪ್ಸಿ ಬೇಕೇ ಬೇಕು.

ಚಿಕಿತ್ಸೆ ಇದೆಯೇ?

ಇದೆ. ನಿರೋಧಕ ಶಕ್ತಿ ತಗ್ಗಿಸುವ ಔಷಧಿಯನ್ನು ಕಡಿಮೆ ಮಾಡಿದರೆ ಗೆಡ್ಡೆಗಳು ಕರಗಬಹುದು ಎಂದು ಕಸಿ ತಜ್ಞ ಥಾಮಸ್ ಸ್ಟಾರ್ಜಲ್ ತಂಡ 1984ರಲ್ಲೇ ತೋರಿಸಿತ್ತು. ಇಂದಿಗೂ ಮೊದಲ ಹೆಜ್ಜೆ ಅದೇ. ಆದರೆ ಅತಿಯಾಗಿ ಇಳಿಸಿದರೆ ಅಂಗವೇ ಕೈಕೊಡಬಹುದು. ಆದ್ದರಿಂದ ರೋಗಿ ತಾನಾಗಿ ಮಾತ್ರೆ ಬಿಡುವಂತಿಲ್ಲ. ಅದು ವೈದ್ಯರ ಲೆಕ್ಕಾಚಾರ. ನಂತರದ್ದು ರಿಟುಕ್ಸಿಮ್ಯಾಬ್, ಅಗತ್ಯವಿದ್ದರೆ ಕೀಮೋಥೆರಪಿ. ರಿಟುಕ್ಸಿಮ್ಯಾಬ್‌ನ ಭಾರತೀಯ ಆವೃತ್ತಿ 2007ರಿಂದಲೇ ಮಾರುಕಟ್ಟೆಯಲ್ಲಿದೆ.

ಇದರಲ್ಲಿ ಸರ್ಕಾರದ ಪಾತ್ರವೇನು?

2023ರಲ್ಲಿ ಭಾರತದಲ್ಲಿ 18 ಸಾವಿರಕ್ಕೂ ಹೆಚ್ಚು ಕಸಿಗಳು ನಡೆದವು. ನಾವು ಎಣಿಸುವುದು ಶಸ್ತ್ರಚಿಕಿತ್ಸೆಗಳನ್ನು. ಅವರಲ್ಲಿ ಎಷ್ಟು ಜನ ಐದು ವರ್ಷ ನೆಮ್ಮದಿಯಾಗಿ ಬದುಕಿದರು ಅನ್ನೋದು ಸುದ್ದಿಯಾಗೋದೇ ಅಪರೂಪ. ರಾಷ್ಟ್ರೀಯ ಅಂಗಾಂಗ ಕಸಿ ಕಾರ್ಯಕ್ರಮದಲ್ಲಿ ಬಿಪಿಎಲ್ ರೋಗಿಗಳ ಔಷಧಿಗೆ ತಿಂಗಳಿಗೆ 10,000 ರೂಪಾಯಿವರೆಗೆ ನೆರವಿನ ಅವಕಾಶವಿದೆ. ಒಳ್ಳೆಯದು. ಆದರೆ ಪಿಟಿಎಲ್‌ಡಿ ವಿರುದ್ಧ ಮಾತ್ರೆಯಷ್ಟೇ ಮುಖ್ಯವಾದದ್ದು ನಿಗಾ: ಕಸಿಗೆ ಮುನ್ನ ಇಬ್ಬರಿಗೂ ಇಬಿವಿ ಪರೀಕ್ಷೆ, ಅಪಾಯ ಹೆಚ್ಚಿರುವವರಿಗೆ ಆಗಾಗ ವೈರಸ್ ಪ್ರಮಾಣದ ಪರೀಕ್ಷೆ, ತಡವಾಗದ ಬಯಾಪ್ಸಿ. ಇವೆಲ್ಲ ದೊಡ್ಡ ನಗರಗಳಿಗಷ್ಟೇ ಸೀಮಿತವಾದರೆ, ರಾಯಚೂರಿನ ಕೂಲಿ ಕುಟುಂಬವೊಂದು ಪ್ರತಿ ಪರೀಕ್ಷೆಗೂ ದಿನಗೂಲಿ ಬಿಟ್ಟು ಬೆಂಗಳೂರಿನ ಬಸ್ ಹತ್ತಬೇಕು. ಕಸಿಗೆ ಹಣ ಕೊಡುವ ಯೋಜನೆ ಕಸಿಯ ನಂತರದ ಈ ಪರೀಕ್ಷೆಗಳಿಗೂ ಹಣ ಕೊಡಲಿ. ಜನಪ್ರತಿನಿಧಿಗಳ ಮುಂದೆ ಇಡಬೇಕಾದ ಬೇಡಿಕೆ ಇದು.