ಮಲ್ಲೇಶ್ವರದಿಂದ ವೆಂಬ್ಲಿಗೆ: ಪ್ರಕಾಶ್ ಪಡುಕೋಣೆ ಅವರ ಆಟ ಬೆಳೆದ ನೆಲೆ

1980ರ ಮಾರ್ಚ್ 23ರಂದು ಲಂಡನ್ನಿನ ವೆಂಬ್ಲಿ ಅಂಗಣದಲ್ಲಿ ಪ್ರಕಾಶ್ ಪಡುಕೋಣೆ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಮಣಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದರು. 1947ರಲ್ಲಿ ಪ್ರಕಾಶ್ ನಾಥ್ ಇದೇ ಟೂರ್ನಿಯ ಫೈನಲ್ ತಲುಪಿ ಸೋತಿದ್ದರು. ಭಾರತೀಯರೊಬ್ಬರು ಆ ಕೊನೆಯ ಮೆಟ್ಟಿಲನ್ನು ಏರಲು ಮತ್ತೆ 33 ವರ್ಷ ಹಿಡಿಯಿತು. ಈ ಗೆಲುವಿನ ಚರ್ಚೆ ಸಾಮಾನ್ಯವಾಗಿ ಅವರ ಮಣಿಕಟ್ಟಿನ ಚಳಕಕ್ಕೇ ನಿಂತುಬಿಡುತ್ತದೆ. ಆ ಚಳಕ ಬೆಳೆದದ್ದು ಎಲ್ಲಿ, ಮುಂದಿನವರಿಗೆ ದಾಟಿದ್ದು ಹೇಗೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಕುಂದಾಪುರ ಸೀಮೆಯ ಪಡುಕೋಣೆ ಮೂಲದ ಕುಟುಂಬದಲ್ಲಿ 1955ರ ಜೂನ್ 10ರಂದು ಬೆಂಗಳೂರಿನಲ್ಲಿ ಪ್ರಕಾಶ್ ಹುಟ್ಟಿದರು. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು; ಮಗನ ಕೈಗೆ ರ‍್ಯಾಕೆಟ್ ಕೊಟ್ಟವರೂ ಅವರೇ. ಅಭ್ಯಾಸ ನಡೆಯುತ್ತಿದ್ದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆ ನಡೆಯುವ ಜಾಗವೂ ಹೌದು. ಮುಹೂರ್ತದ ದಿನಗಳಲ್ಲಿ ಆಟ ಬಂದ್. ಅತಿಥಿಗಳು ಹೊರಟ ಮೇಲೆ ಮತ್ತೆ ನೆಟ್ ಕಟ್ಟಬೇಕು. 1962ರ ರಾಜ್ಯ ಕಿರಿಯರ ಟೂರ್ನಿಯಲ್ಲಿ ಮೊದಲ ಸುತ್ತಿನಲ್ಲೇ ಸೋತ ಹುಡುಗ ಎರಡು ವರ್ಷಗಳಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದುಕೊಂಡ.

1971ರ ಹೊತ್ತಿಗೆ ಅವರ ಆಟ ಹೆಚ್ಚು ಆಕ್ರಮಣಕಾರಿಯಾಯಿತು. ಹದಿಹರೆಯ ದಾಟುವ ಮುನ್ನವೇ ಕಿರಿಯರ ಮತ್ತು ಹಿರಿಯರ ರಾಷ್ಟ್ರೀಯ ಪ್ರಶಸ್ತಿಗಳೆರಡೂ ಕೈಗೆ ಬಂದವು. ಹೀಗೆ ಸತತ ಒಂಬತ್ತು ಬಾರಿ ಅವರೇ ರಾಷ್ಟ್ರೀಯ ಚಾಂಪಿಯನ್. ಆ ಓಟವನ್ನು ತಡೆದವರು ಸೈಯದ್ ಮೋದಿ. 1978ರಲ್ಲಿ ಎಡ್ಮಂಟನ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನವೂ ಸೇರಿತು.

ವೆಂಬ್ಲಿಯ ಆ ಫೈನಲ್ಲನ್ನು ಹತ್ತಿರದಿಂದ ನೋಡಬೇಕು. ಕಿಂಗ್ ಅವರ ಅಸ್ತ್ರ ನೆಲಬಿಟ್ಟು ಹಾರಿ ಹೊಡೆಯುವ ಸ್ಮ್ಯಾಶ್. ಪ್ರಕಾಶ್ ಆಟದ ವೇಗವನ್ನೇ ತಗ್ಗಿಸಿದರು. ರ‍್ಯಾಕೆಟ್ ಬೀಸುವ ರೀತಿ ಒಂದೇ. ಆದರೆ ಕೊನೆಯ ಕ್ಷಣದ ಮಣಿಕಟ್ಟಿನ ತಿರುವಿನಿಂದ ಷಟಲ್ ಒಮ್ಮೆ ನೆಟ್ಟಿನ ಬುಡಕ್ಕೆ, ಒಮ್ಮೆ ಹಿಂದಿನ ಗೆರೆಗೆ ಹೋಗುತ್ತಿತ್ತು. ಸರ್ವ್ ಮಾಡಿದವರಿಗಷ್ಟೇ ಅಂಕ ಸಿಗುತ್ತಿದ್ದ ಕಾಲವದು. ಅಂಥ ಪದ್ಧತಿಯಲ್ಲಿ ಹಿಂದಿನೆರಡು ವರ್ಷಗಳ ವಿಜೇತನಿಗೆ ಮೊದಲ ಗೇಮಿನಲ್ಲಿ ಮೂರೇ ಅಂಕ ಬಿಟ್ಟುಕೊಟ್ಟದ್ದು ಅಸಾಮಾನ್ಯ ಸಾಧನೆ. ಅದೇ ವರ್ಷ ಡೆನ್ಮಾರ್ಕ್ ಮತ್ತು ಸ್ವೀಡನ್ ಓಪನ್‌ಗಳನ್ನೂ ಅವರು ಗೆದ್ದಿದ್ದರು. 1981ರಲ್ಲಿ ಕ್ವಾಲಾಲಂಪುರದ ವಿಶ್ವಕಪ್, 1983ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಬಂದವು.

ಇಂಥ ಆಟ ಮುಂದಿನವರಿಗೆ ದಾಟುವ ಬಗೆಯನ್ನು ತಿಳಿಯಲು ಐರ್ಲೆಂಡಿನ ಹೋಲಿಕೆಯೊಂದು ಉಪಯುಕ್ತ. ಡಬ್ಲಿನ್ನಿನ ಫ್ರ್ಯಾಂಕ್ ಡೆವ್ಲಿನ್ 1925ರಿಂದ 1931ರೊಳಗೆ ಆರು ಬಾರಿ ಆಲ್ ಇಂಗ್ಲೆಂಡ್ ಸಿಂಗಲ್ಸ್ ಗೆದ್ದವರು. ಆಮೇಲೆ ತರಬೇತುದಾರರಾಗಿ ಉತ್ತರ ಅಮೆರಿಕಕ್ಕೆ ಹೋದರು. ಕೆನಡಾದ ವಿನ್ನಿಪೆಗ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಮಗಳು ಜೂಡಿ 1954ರಿಂದ 1967ರ ನಡುವೆ ಹತ್ತು ಬಾರಿ ಅದೇ ಟೂರ್ನಿಯ ಮಹಿಳಾ ಸಿಂಗಲ್ಸ್ ಗೆದ್ದರು. ಗುರು ನೆಲೆನಿಂತ ಕಡೆ ವಿದ್ಯೆ ಚಿಗುರಿತು.

ಪ್ರಕಾಶ್ ಕೂಡ ಡೆನ್ಮಾರ್ಕ್‌ನಲ್ಲಿ ಕೆಲವು ವರ್ಷ ನೆಲೆಸಿ ಆಡಿದರು. ಬಳಿಕ ಬೆಂಗಳೂರಿಗೆ ಮರಳಿದರು. 1991ರಲ್ಲಿ ನಿವೃತ್ತರಾಗಿ, 1994ರಲ್ಲಿ ವಿಮಲ್ ಕುಮಾರ್ ಅವರೊಂದಿಗೆ ಅಕಾಡೆಮಿ ತೆರೆದರು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಉತ್ತರಾಖಂಡದಿಂದ ಬಂದ ಲಕ್ಷ್ಯ ಸೇನ್ 2022ರಲ್ಲಿ ಅದೇ ಟೂರ್ನಿಯ ಫೈನಲ್ ಆಡಿದರು. ಒಂದು ಸಭಾಂಗಣದಲ್ಲಿ ಕಲಿತ ಆಟ ಹೀಗೆ ಹೊರರಾಜ್ಯದ ಮಕ್ಕಳಿಗೂ ದಾರಿಯಾಯಿತು.

ಕಲಬುರಗಿ ಜಿಲ್ಲೆಯ ಗೊಬ್ಬೂರದಂಥ ಊರುಗಳ ದೃಷ್ಟಿಯಿಂದ ಈ ಚರಿತ್ರೆಗೆ ಪ್ರಾಯೋಗಿಕ ಮಹತ್ವವಿದೆ. ಹದಿನಾರು ಗರಿಗಳ ಷಟಲ್ ಐದೂವರೆ ಗ್ರಾಂ ಮೀರುವುದಿಲ್ಲ. ಬಯಲುಸೀಮೆಯ ಗಾಳಿಯಲ್ಲಿ ಅದರ ಮೇಲೆ ಹಿಡಿತ ಸಾಧಿಸುವುದು ಕಷ್ಟ. ಹಾಗಾಗಿ ಒಳಾಂಗಣವೇ ಬೇಕು. ಅಂಕಣಕ್ಕೆ ಬೇಕಾದದ್ದು 44 ಅಡಿ ಉದ್ದ, 20 ಅಡಿ ಅಗಲ, ಸುತ್ತ ಓಡಾಡಲು ಒಂದಿಷ್ಟು ಜಾಗ, ಎತ್ತರದ ಚಾವಣಿ. ದೊಡ್ಡ ಕಲ್ಯಾಣಮಂಟಪಗಳಲ್ಲಿ ಇಷ್ಟು ಸಿಗುತ್ತದೆ, ಮುಹೂರ್ತವಿಲ್ಲದ ದಿನಗಳೂ ಸಾಕಷ್ಟಿವೆ. ಜಿಲ್ಲಾ ಕ್ರೀಡಾ ಯೋಜನೆಗಳು ಹೊಸ ಕ್ರೀಡಾಂಗಣಕ್ಕಾಗಿ ಕಾಯುವ ಬದಲು ಈ ಮಂಟಪಗಳ ಜೊತೆ ಒಪ್ಪಂದ ಮಾಡಿಕೊಂಡು, ಊರಲ್ಲೇ ಉಳಿಯುವ ತರಬೇತುದಾರರನ್ನು ನೇಮಿಸುವುದು ಸಾಧ್ಯ. ಮಲ್ಲೇಶ್ವರದ ಉದಾಹರಣೆ ಅದಕ್ಕೆ ಸಾಕಷ್ಟು ಆಧಾರ ಒದಗಿಸುತ್ತದೆ.