ಕತೆದ್ರಾ: ಕೆಥೆಡ್ರಲ್‌ಗೆ ಹೆಸರು ಕೊಟ್ಟ ಕುರ್ಚಿ

ಕೆಥೆಡ್ರಲ್ ಎಂದರೆ ದೊಡ್ಡ ಇಗರ್ಜಿ ಎಂದೇ ನಮ್ಮಲ್ಲಿ ಅನೇಕರ ತಿಳುವಳಿಕೆ. ಇದು ಸರಿಯಲ್ಲ. ಗೋಪುರದ ಎತ್ತರಕ್ಕೂ ಬಾಂಕುಗಳ ಸಂಖ್ಯೆಗೂ ಈ ಹೆಸರಿಗೂ ಸಂಬಂಧವಿಲ್ಲ. ಧರ್ಮಾಧ್ಯಕ್ಷರ ಕುರ್ಚಿ ಇರುವ ದೇವಾಲಯವೇ ಕೆಥೆಡ್ರಲ್. ಆ ಕುರ್ಚಿಯ ಹೆಸರು ‘ಕತೆದ್ರಾ’.

ಪದದ ಮೂಲ ಗ್ರೀಕ್ ಭಾಷೆ, ಅರ್ಥ ಆಸನ. ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಬರುವ ‘ಮೋಶೆಯ ಪೀಠ’ಕ್ಕೆ ಗ್ರೀಕ್ ಮೂಲದಲ್ಲಿ ಇರುವುದೂ ಇದೇ ಪದ. ಆ ಕಾಲದಲ್ಲಿ ಗುರುವಾದವನು ಕುಳಿತು ಬೋಧಿಸುತ್ತಿದ್ದ, ಆದುದರಿಂದ ಕುರ್ಚಿಯೇ ಬೋಧನೆಯ ಗುರುತಾಯಿತು. ಲ್ಯಾಟಿನ್‌ಗೆ ಬಂದ ಈ ಪದ ಪೋರ್ಚುಗೀಸ್‌ನಲ್ಲಿ ‘ಕದೈರಾ’ ಆಯಿತು, ಅಲ್ಲಿಂದ ನಮ್ಮ ಕೊಂಕಣಿಗೆ ಬಂದು ‘ಕದೆಲ್’ ಆಯಿತು. ಅಂದರೆ ಮನೆಗೆ ಬಂದ ನೆಂಟರಿಗೆ ನಾವು ನೀಡುವ ಕದೆಲೂ ಧರ್ಮಾಧ್ಯಕ್ಷರ ಕತೆದ್ರಾವೂ ಹುಟ್ಟಿನಿಂದ ಒಂದೇ ಪದ! ಕನ್ನಡದ ‘ಕುರ್ಚಿ’ ಮಾತ್ರ ಅರಬ್ಬಿಯ ‘ಕುರ್ಸಿ’ಯಿಂದ ಬಂದದ್ದು, ಅದರ ವಂಶ ಬೇರೆ.

ಕುರ್ಚಿಯಿಂದ ದೇವಾಲಯದ ಸ್ಥಾನ ಬದಲಾಗುವುದನ್ನು ಕರಾವಳಿಯವರು ಕಣ್ಣಾರೆ ಕಂಡಿದ್ದೇವೆ. 2012ರ ಜುಲೈ 16ರಂದು ಜಗದ್ಗುರು 16ನೇ ಬೆನೆಡಿಕ್ಟ್ ಮಂಗಳೂರಿನಿಂದ ಬೇರ್ಪಡಿಸಿ ಉಡುಪಿ ಧರ್ಮಪ್ರಾಂತ್ಯವನ್ನು ಘೋಷಿಸಿದಾಗ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಕೆಥೆಡ್ರಲ್ ಆಯಿತು. ಅದೇ ಗೋಡೆ, ಅದೇ ಮಾಡು. ಹೊಸದಾಗಿ ಬಂದದ್ದು ಧರ್ಮಾಧ್ಯಕ್ಷರ ಪೀಠ.

ಬಡಗಣ ಕರ್ನಾಟಕದಲ್ಲಿ ಇದಕ್ಕಿಂತ ಏಳು ವರ್ಷ ಮೊದಲೇ ಇಂತಹ ಬದಲಾವಣೆ ನಡೆದಿತ್ತು. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ಸ್ಥಾಪನೆಯಾಗಿ ಇಂದಿನ ಕಲಬುರಗಿಯಲ್ಲಿ ಧರ್ಮಾಧ್ಯಕ್ಷರ ಪೀಠ ಬಂತು. ಯಾದಗಿರಿ ಆಗ ಗುಲ್ಬರ್ಗ ಜಿಲ್ಲೆಯಲ್ಲೇ ಇತ್ತು. ಮುಂದೆ ಅದು ಪ್ರತ್ಯೇಕ ಜಿಲ್ಲೆಯಾದರೂ ಆ ಭಾಗದ ಕಥೋಲಿಕರ ಪೀಠ ಕಲಬುರಗಿಯದೇ. ಜಲಾಶಯದಿಂದ ಹೆಸರಾದ ಹತ್ತಿಕುಣಿಯಂತಹ ಹಳ್ಳಿಯಲ್ಲಿ ಯಾರಾದರೂ ಗುರುಗಳು ಒಂದು ಮೇಜಿನ ಮೇಲೆ ಬಲಿಪೂಜೆ ಅರ್ಪಿಸಿದರೂ, ಪರಮಪ್ರಸಾದದ ಪ್ರಾರ್ಥನೆಯಲ್ಲಿ ಪೋಪರ ಹೆಸರಿನ ನಂತರ ಹೇಳುವುದು ಕಲಬುರಗಿಯ ಪೀಠದಲ್ಲಿ ಕೂರುವವರ ಹೆಸರನ್ನು. ಆ ಕುರ್ಚಿಯನ್ನು ಒಮ್ಮೆಯೂ ನೋಡದವರಿಗೂ ಅದು ತಮ್ಮದೇ.

ಇನ್ನು ಇಗರ್ಜಿಯ ಕೆಲಸ ಮಾಡುವವರು ತಿಳಿಯಬೇಕಾದ ವಿಷಯ. ಧರ್ಮಾಧ್ಯಕ್ಷರ ವಿಧಿಗಳ ಗ್ರಂಥದ ಪ್ರಕಾರ ಕತೆದ್ರಾ ಒಂದೇ ಇರಬೇಕು, ಸ್ಥಿರವಾಗಿರಬೇಕು. ಧರ್ಮಾಧ್ಯಕ್ಷರು ಎಲ್ಲರಿಗೂ ಕಾಣುವಂತೆ ಬೇಕಾದಷ್ಟು ಮೆಟ್ಟಿಲುಗಳ ಮೇಲೆ ಇಡಬಹುದು. ಅದರಲ್ಲಿ ಕೂರುವವರು ಆ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರು, ಅಥವಾ ಅವರು ಅನುಮತಿ ನೀಡಿದ ಇನ್ನೊಬ್ಬ ಧರ್ಮಾಧ್ಯಕ್ಷರು ಮಾತ್ರ. ಕೆಥೆಡ್ರಲ್‌ನಲ್ಲಿ ದಿನನಿತ್ಯ ಬಲಿಪೂಜೆ ಅರ್ಪಿಸುವ ಗುರುಗಳಿಗೆ ಬೇರೆ ಕುರ್ಚಿ ಇರುತ್ತದೆ. ಪ್ರಧಾನ ಗುರುಗಳೇ ಆದರೂ ಇದರಲ್ಲಿ ಕೂರುವಂತಿಲ್ಲ. ಮದುವೆಯ ಫೋಟೋ ತೆಗೆಯುವವರು ಮಕ್ಕಳನ್ನು ಅದರಲ್ಲಿ ಕೂರಿಸಲು ಹೊರಟರೆ ಮಿರ್ನ್ಯಾಮರು ನಯವಾಗಿ ತಡೆಯಬೇಕು.

ನಮ್ಮ ಸಾಮಾನ್ಯ ಇಗರ್ಜಿಗಳಲ್ಲಿ ಇರುವುದು ಕತೆದ್ರಾ ಅಲ್ಲ, ಬಲಿಪೂಜೆಯನ್ನು ನಡೆಸುವ ಗುರುಗಳ ಆಸನ. ಅದು ಸಿಂಹಾಸನದಂತೆ ಕಾಣಬಾರದೆಂದು ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳು ಸ್ಪಷ್ಟವಾಗಿ ಹೇಳುತ್ತವೆ. ಆದರೂ ಜುಬಿಲಿ, ಹಬ್ಬಗಳಿಗೆ ದಾನಿಗಳು ಕೊಡುವ ಕುರ್ಚಿಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿವೆ. ಕೆಂಪು ಮಖಮಲ್ಲು, ಚಿನ್ನದ ಬಣ್ಣ, ಆಳೆತ್ತರದ ಬೆನ್ನು! ಮದುವೆ ಹಾಲಿನ ವೇದಿಕೆಗೆ ಅದು ಚೆಂದ. ಕೊಡುವವರ ಭಕ್ತಿ ನಿಜವೇ, ಆದರೆ ಬಡಗಿಗೆ ಹೇಳುವ ಮೊದಲು ಗುರುಗಳನ್ನೊಮ್ಮೆ ಕೇಳುವುದು ಒಳ್ಳೆಯದು.

ಪೋಪರ ಕತೆದ್ರಾ ಇರುವುದು ವ್ಯಾಟಿಕನ್‌ನ ಸಂತ ಪೇತ್ರರ ಮಹಾದೇವಾಲಯದಲ್ಲಿ ಅಲ್ಲ, ರೋಮಿನ ಲ್ಯಾಟೆರನ್ ಮಹಾದೇವಾಲಯದಲ್ಲಿ. ಜಗದ್ಗುರು 14ನೇ ಲಿಯೊ ಅದನ್ನು ವಹಿಸಿಕೊಂಡದ್ದು 2025ರ ಮೇ 25ರಂದು. ಸಂತ ಪೇತ್ರರ ದೇವಾಲಯದಲ್ಲಿ ಬೆರ್ನಿನಿಯ ಕಂಚಿನ ಶಿಲ್ಪದೊಳಗೆ ಇರುವ ಹಳೆಯ ಮರದ ಕುರ್ಚಿ ಯಾರೂ ಕೂರುವುದಕ್ಕಲ್ಲ. 2024ರ ಕೊನೆಯಲ್ಲಿ ಕೆಲವು ವಾರ ಅದನ್ನು ಹೊರಗೆ ತೆಗೆದು ಭಕ್ತರ ದರ್ಶನಕ್ಕೆ ಇಡಲಾಗಿತ್ತು. ಪೇತ್ರರ ಪೀಠದ ಹಬ್ಬ ಫೆಬ್ರವರಿ 22ರಂದು.

ಧರ್ಮಾಧ್ಯಕ್ಷರು ತೀರಿಕೊಂಡರೆ ಅಥವಾ ವರ್ಗವಾದರೆ ಪೀಠ ತೆರವಾಯಿತು ಎನ್ನುತ್ತೇವೆ. ಆಗ ಆಡಳಿತ ನೋಡುವ ಗುರುಗಳೂ ಆ ಕುರ್ಚಿಯಲ್ಲಿ ಕೂರುವುದಿಲ್ಲ. ಹೊಸಬರು ಬರುವವರೆಗೆ ಬಲಿಪೂಜೆಯಲ್ಲಿ ಆ ಜಾಗದ ಹೆಸರನ್ನೂ ಹೇಳುವುದಿಲ್ಲ.